ಕಾಡುಪ್ರಾಣಿಗಳು ಹಾಗೇಕೆ ಮಾಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾಗರಹೊಳೆ, ಬಂಡೀಪುರ, ಆಗುಂಬೆ, ದಾಂಡೇಲಿ ಕಡೆ ಹೋಗಿ ಬಂದವರ ಹತ್ತಿರ ಫೋಟೋಗಳ ಜೊತೆಗೆ ಒಂದಷ್ಟು ಪ್ರಶ್ನೆಗಳೂ ಇರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವಂಥವನ್ನು ಇಲ್ಲಿ ಸೇರಿಸಿದ್ದೇನೆ. ಎಲ್ಲವೂ ನಮ್ಮ ಕಾಡಿನ ಪ್ರಾಣಿಗಳ ಬಗ್ಗೆಯೇ. ಆಫ್ರಿಕಾದ ಸಿಂಹದ ಕಥೆ ಟಿವಿಯಲ್ಲಿ ಬೇಕಾದಷ್ಟು ಸಿಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರುವ ಪ್ರಶ್ನೆಗಳಲ್ಲಿ ಸುಮಾರಷ್ಟು "ಆ ಪ್ರಾಣಿ ಒಳ್ಳೆಯದಾ, ಕೆಟ್ಟದ್ದಾ" ಎಂಬ ಧಾಟಿಯಲ್ಲೇ ಇರುತ್ತವೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಅದು ಏನು ಮಾಡುತ್ತದೆ, ಹಾಗೆ ಮಾಡುವುದರಿಂದ ಅದಕ್ಕೇನು ಸಿಗುತ್ತದೆ ಎಂದು ಕೇಳಿದರೆ ಹೇಳಬಹುದು.

ಕಾಳಿಂಗ ಸರ್ಪ ನಿಜವಾಗಿಯೂ ಗೂಡು ಕಟ್ಟುತ್ತದಾ?

ಹೌದು. ಜಗತ್ತಿನ ಹಾವುಗಳಲ್ಲಿ ಹೀಗೆ ಗೂಡು ಕಟ್ಟಿ ಮೊಟ್ಟೆ ಇಡುವುದು ಇದೊಂದೇ. ಕೈಯಿಲ್ಲ, ಕಾಲಿಲ್ಲ, ಕೊಕ್ಕೂ ಇಲ್ಲ. ಹೆಣ್ಣು ಹಾವು ತನ್ನ ಮೈಯನ್ನೇ ಬಳಸಿ ತರಗೆಲೆಗಳನ್ನು ಎಳೆದು ಎಳೆದು ಗುಡ್ಡೆ ಹಾಕುತ್ತದೆ. ಆಗುಂಬೆ ಕಡೆ ಬಿದಿರಿನ ಎಲೆ ಇದಕ್ಕೆ ತುಂಬಾ ಬಳಕೆಯಾಗುತ್ತದೆ. ಗುಡ್ಡೆಯ ನಡುವೆ ಇಪ್ಪತ್ತರಿಂದ ನಲವತ್ತರವರೆಗೆ ಮೊಟ್ಟೆ ಇಟ್ಟು, ಮೇಲೆ ಮತ್ತಷ್ಟು ಎಲೆ ಮುಚ್ಚುತ್ತದೆ.

ಈ ಕೆಲಸ ನಡೆಯುವುದು ಮಳೆಗಾಲ ಶುರುವಾಗುವ ಮುಂಚೆ. ಮೊಟ್ಟೆ ಒಡೆಯಲು ಮೂರು ತಿಂಗಳ ಆಸುಪಾಸು ಬೇಕು. ಅಂದರೆ ಮಲೆನಾಡಿನ ಮಳೆ ಪೂರ್ತಿ ಈ ಎಲೆಗುಡ್ಡೆಯ ಮೇಲೇ ಸುರಿಯುತ್ತದೆ. ಎಲೆಗಳು ಎಷ್ಟು ಒತ್ತಾಗಿ ಕೂತಿರುತ್ತವೆ ಎಂದರೆ ನೀರು ಒಳಗಿನ ಮೊಟ್ಟೆಗಳವರೆಗೆ ಇಳಿಯುವುದು ಕಷ್ಟ. ಒಳಗಿನ ಬಿಸಿಯೂ ಹೊರಗಿನಷ್ಟು ಏರುಪೇರಾಗುವುದಿಲ್ಲ. ತಾಯಿ ಗೂಡಿನ ಮೇಲೋ ಪಕ್ಕದಲ್ಲೋ ಕಾವಲು ಕೂರುತ್ತದೆ. ಆ ದಿನಗಳಲ್ಲಿ ಬೇಟೆಗೆ ಹೋಗುವುದು ಇಲ್ಲವೆಂದೇ ಹೇಳಬಹುದು.

ಮರಿಗಳು ಹೊರಬರುವ ಸ್ವಲ್ಪ ಮೊದಲು ತಾಯಿ ಅಲ್ಲಿಂದ ಹೊರಟುಹೋಗುತ್ತದೆ. "ಅಯ್ಯೋ, ಇಷ್ಟು ದಿನ ಕಾದು ಕೊನೆಗೆ ಬಿಟ್ಟು ಹೋಯಿತಲ್ಲ" ಅನಿಸುತ್ತದೆ, ಅಲ್ವಾ? ಆದರೆ ಕಾಳಿಂಗದ ಮುಖ್ಯ ಆಹಾರವೇ ಬೇರೆ ಹಾವುಗಳು. ತಿಂಗಳುಗಟ್ಟಲೆ ಹಸಿದ ತಾಯಿಯ ಮುಂದೆ ಮೊಳದುದ್ದದ ಹಾವಿನ ಮರಿಗಳು ಹರಿದಾಡಿದರೆ ಏನಾದೀತು ಎಂದು ಯೋಚಿಸಿ. ತಾಯಿ ದೂರ ಸರಿಯುವುದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಇದೇ. ಮರಿಗಳಿಗೆ ತಾಯಿಯ ಅಗತ್ಯವೂ ಇಲ್ಲ. ಹುಟ್ಟುವಾಗಲೇ ಹಲ್ಲು, ವಿಷ ಎರಡೂ ತಯಾರಾಗಿರುತ್ತವೆ.

ಇನ್ನೊಂದು ವಿಷಯ. ಕಾಳಿಂಗವೆಂದರೆ ಒಂದೇ ಜಾತಿ ಎಂದು ಬಹಳ ಕಾಲ ನಂಬಿದ್ದರು. 2024ರಲ್ಲಿ ವಿಜ್ಞಾನಿಗಳು ಅದನ್ನು ನಾಲ್ಕಾಗಿ ವಿಂಗಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಸಿಕ್ಕ ಹೆಸರು ಓಫಿಯೋಫಾಗಸ್ ಕಾಳಿಂಗ. ನಮ್ಮೂರಿನ ಹೆಸರೇ ಈಗ ಅದರ ವೈಜ್ಞಾನಿಕ ಹೆಸರು.

ಅಷ್ಟು ದೊಡ್ಡ ಹಾವು ಮನೆ, ತೋಟದ ಹತ್ತಿರ ಯಾಕೆ ಬರುತ್ತದೆ?

ಊಟಕ್ಕೆ. ಅಡಿಕೆ ತೋಟ, ಕೊಟ್ಟಿಗೆ, ಸೌದೆ ರಾಶಿ ಇದ್ದಲ್ಲಿ ಇಲಿ ಇರುತ್ತದೆ. ಇಲಿ ಹಿಂದೆ ಕೇರೆ, ನಾಗರ ಬರುತ್ತವೆ. ಅವುಗಳ ಹಿಂದೆ ಕಾಳಿಂಗ ಬರುತ್ತದೆ. ಗಂಡುಗಳಾದರೆ ಹೆಣ್ಣಿನ ವಾಸನೆ ಹಿಡಿದುಕೊಂಡೂ ಬರುತ್ತವೆ. ಆಗುಂಬೆಯಲ್ಲಿ ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಸಂಶೋಧನಾ ಕೇಂದ್ರ ಶುರುಮಾಡಿದ ಮೇಲೆ, ಕಾಳಿಂಗಗಳ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಹಿಂಬಾಲಿಸುವ ಕೆಲಸವೂ ಅಲ್ಲಿ ನಡೆಯಿತು. ಗಂಡೊಂದು ಗರ್ಭಿಣಿ ಹೆಣ್ಣನ್ನು ಕೊಂದ ಘಟನೆ ಕೂಡ ಹೀಗೆ ಹಿಂಬಾಲಿಸುವಾಗಲೇ ಕಣ್ಣಿಗೆ ಬಿದ್ದದ್ದು.

ಕಾಳಿಂಗ ಮನುಷ್ಯರನ್ನು ಕಚ್ಚುವುದು ಬಹಳ ಅಪರೂಪ. ಮೊದಲು ಹೆಡೆಯೆತ್ತಿ, ಗುರುಗುಟ್ಟುವಂಥ ದಪ್ಪ ದನಿಯಲ್ಲಿ ಬುಸುಗುಟ್ಟಿ ಎಚ್ಚರಿಸುತ್ತದೆ. ಆದರೂ ಹುಡುಗಾಟ ಬೇಡ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ಔಷಧಿ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಿಸಿದ್ದು. ಕಾಳಿಂಗದ ವಿಷಕ್ಕೆ ಅದು ಹೇಳಿದ್ದಲ್ಲ. ಹಾವು ಒಳಗೆ ಬಂದರೆ ದೂರ ನಿಂತು, ಅದಕ್ಕೆ ಹೊರಹೋಗಲು ದಾರಿ ಬಿಟ್ಟು, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಹಾವು ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದಂತೆ?

ಇಲ್ಲ. ಮುಖ ನೆನಪಿಟ್ಟುಕೊಂಡು ಹುಡುಕಿ ಬರುವಂಥ ಮೆದುಳು ಹಾವಿಗಿಲ್ಲ. ಒಂದನ್ನು ಕೊಂದ ಜಾಗಕ್ಕೆ ಇನ್ನೊಂದು ಬಂದದ್ದನ್ನು ಕೆಲವರು ನೋಡಿರಬಹುದು. ಸತ್ತದ್ದು ಹೆಣ್ಣಾಗಿದ್ದರೆ ಅದರ ವಾಸನೆಗೆ ಗಂಡು ಬರುವುದುಂಟು. ಹಾಗೆಯೇ ಕೇರೆ ಹಾವುಗಳು ಹೆಣೆದುಕೊಂಡು ಎದ್ದು ನಿಲ್ಲುವುದನ್ನು ಕಂಡು ಜನ ಮಿಲನ ಎಂದುಕೊಂಡು ಮೇಲೆ ಬಟ್ಟೆ ಎಸೆಯುತ್ತಾರೆ. ಸಾಮಾನ್ಯವಾಗಿ ಅವು ಎರಡೂ ಗಂಡುಗಳು. ಒಬ್ಬರನ್ನೊಬ್ಬರು ನೆಲಕ್ಕೆ ಒತ್ತುವ ಕುಸ್ತಿ ಅದು.

ಸೀಳುನಾಯಿಗಳು ಬೇಟೆಯನ್ನು ಜೀವಂತ ತಿನ್ನುತ್ತವೆ. ಇಷ್ಟು ಕ್ರೂರ ಪ್ರಾಣಿ ಬೇರೆ ಇದೆಯಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸೀಳುನಾಯಿಯ ಪರ ವಕಾಲತ್ತು ವಹಿಸಬೇಕು ಅನಿಸುತ್ತದೆ.

ಹುಲಿಗೆ ಗಂಟಲು ಹಿಡಿದು ಉಸಿರು ಕಟ್ಟಿಸುವಷ್ಟು ದವಡೆ ಇದೆ, ತೂಕ ಇದೆ. ಸೀಳುನಾಯಿಯ ತೂಕ ಹದಿನೈದು ಕಿಲೋ ಆಸುಪಾಸು. ಅದು ಹಿಡಿಯುವ ಜಿಂಕೆ ಅದಕ್ಕಿಂತ ಮೂರು ನಾಲ್ಕು ಪಟ್ಟು ಭಾರ. ಒಂದೇ ಕಚ್ಚಿಗೆ ಕೊಲ್ಲಲು ಸಾಧ್ಯವೇ ಇಲ್ಲ. ಆದ್ದರಿಂದ ಗುಂಪಾಗಿ ಅಟ್ಟಿಸಿಕೊಂಡು ಹೋಗಿ, ಹಿಡಿದ ಕೂಡಲೇ ತಿನ್ನಲು ಶುರುಮಾಡುತ್ತವೆ. ಬೇಗ ತಿನ್ನದಿದ್ದರೆ ಹುಲಿಯೋ ಚಿರತೆಯೋ ಬಂದು ಕಿತ್ತುಕೊಳ್ಳುತ್ತದೆ. ನೋಡುವುದಕ್ಕೆ ಕಷ್ಟವಾಗುತ್ತದೆ, ಒಪ್ಪುತ್ತೇನೆ. ಆದರೆ ರಕ್ತ ಹೋಗಿ, ಆಘಾತವಾಗಿ ಜಿಂಕೆ ಬಹಳ ಬೇಗ ಸಾಯುತ್ತದೆ. ಹುಲಿ ಕತ್ತು ಹಿಡಿದಾಗಲೂ ಜೀವ ಹೋಗಲು ಕೆಲವು ನಿಮಿಷ ಬೇಕು. ಅದನ್ನು ಮಾತ್ರ ನಾವು ಗಾಂಭೀರ್ಯ ಅನ್ನುತ್ತೇವೆ!

ಈಗ ಗುಂಪಿನ ಒಳಗಿನ ಸಂಸಾರ ನೋಡಿ. ಸಾಮಾನ್ಯವಾಗಿ ಒಂದೇ ಜೋಡಿ ಮರಿ ಹಾಕುತ್ತದೆ. ಉಳಿದವೆಲ್ಲ ಆ ಮರಿಗಳನ್ನು ಸಾಕಲು ದುಡಿಯುತ್ತವೆ. ಬೇಟೆಯಿಂದ ಮರಳಿದ ನಾಯಿಗಳು ಮರಿಗಳಿಗೂ, ಗುಹೆಯಲ್ಲಿ ಕಾವಲಿದ್ದ ತಾಯಿಗೂ ಮಾಂಸವನ್ನು ಕಕ್ಕಿ ಕೊಡುತ್ತವೆ. ಮರಿಗಳು ಬೇಟೆಯ ಜಾಗಕ್ಕೆ ಬರುವಷ್ಟು ಬೆಳೆದರೆ ಮೊದಲ ಸರದಿ ಅವುಗಳದ್ದು. ದೊಡ್ಡವು ಬದಿಗೆ ನಿಂತು ಕಾಯುತ್ತವೆ. ಸಿಂಹದ ಗುಂಪಿನಲ್ಲಿ ಇದು ಉಲ್ಟಾ, ಅಲ್ಲಿ ದೊಡ್ಡವು ತಿಂದು ಮಿಕ್ಕಿದ್ದು ಮರಿಗಳಿಗೆ.

ಇವು ಊರ ನಾಯಿಯ ಹಾಗೆ ಬೊಗಳುವುದಿಲ್ಲ, ಸಿಳ್ಳೆ ಹಾಕುತ್ತವೆ. ಪೊದೆ ತುಂಬಿದ ಕಾಡಿನಲ್ಲಿ ಚದುರಿಹೋದ ಗುಂಪು ಮತ್ತೆ ಸೇರುವುದು ಈ ಸಿಳ್ಳೆಯಿಂದಲೇ. ಬಂಡೀಪುರದಲ್ಲಿ 1970ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಎ. ಜೆ. ಟಿ. ಜಾನ್‌ಸಿಂಗ್ ಇವುಗಳ ಹಿಂದೆ ಅಲೆದು ಅಧ್ಯಯನ ಮಾಡಿದರು. ಅದಕ್ಕೂ ಮೊದಲು ಬ್ರಿಟಿಷರ ಕಾಲದಲ್ಲಿ ಸೀಳುನಾಯಿ ಕೊಂದು ತಂದವರಿಗೆ ಬಹುಮಾನ ಕೊಡುತ್ತಿದ್ದರು. ಶಿಕಾರಿಗೆ ಸಿಗಬೇಕಾದ ಜಿಂಕೆಯನ್ನು ಇವು ತಿನ್ನುತ್ತವೆ ಎಂಬ ಸಿಟ್ಟಿಗೆ. ಕ್ರೂರಿ ಎಂಬ ಹಣೆಪಟ್ಟಿ ಗಟ್ಟಿಯಾಗುವುದರಲ್ಲಿ ಆ ಕಾಲದ ಪಾಲು ದೊಡ್ಡದು ಎಂಬುದು ನನ್ನ ಅನಿಸಿಕೆ.

ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿ ಹೇಗೆ ಬದುಕುತ್ತವೆ?

ತಟ್ಟೆ ಬೇರೆ ಬೇರೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ್ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ನಡೆಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಹಿಕ್ಕೆಯಲ್ಲಿ ಸಿಕ್ಕ ಕೂದಲು, ತಿಂದುಬಿಟ್ಟ ಮೃತದೇಹಗಳನ್ನು ನೋಡಿ ಯಾರು ಏನು ತಿನ್ನುತ್ತಾರೆ ಎಂದು ಲೆಕ್ಕ ಹಾಕಿದರು. ಹುಲಿಯ ಬೇಟೆಯ ಸರಾಸರಿ ತೂಕ ಸುಮಾರು 90 ಕಿಲೋ. ಚಿರತೆ, ಸೀಳುನಾಯಿಗಳದ್ದು 40 ಕಿಲೋ ಆಸುಪಾಸು. ಹುಲಿಗೆ ಕಾಟಿ, ಕಡವೆಗಳಂಥ ದೊಡ್ಡವು ಬೇಕು. ಉಳಿದೆರಡಕ್ಕೆ ಚುಕ್ಕೆ ಜಿಂಕೆಯೇ ಸಾಕು. ಇದರ ಜೊತೆಗೆ ಸೀಳುನಾಯಿ ಹೆಚ್ಚಾಗಿ ಹಗಲಿನಲ್ಲಿ ಓಡಾಡುತ್ತದೆ. ಚಿರತೆ ಮರ ಹತ್ತುತ್ತದೆ. ಕಾಡಿನಲ್ಲಿ ದೊಡ್ಡದು, ಚಿಕ್ಕದು ಎರಡೂ ಬಗೆಯ ಬೇಟೆ ಸಾಕಷ್ಟು ಇದ್ದಾಗ ಮಾತ್ರ ಈ ಹೊಂದಾಣಿಕೆ ನಡೆಯುತ್ತದೆ.

ಹುಲಿ ಹೋದ ದಾರಿಯಲ್ಲಿ ಬಾಸುಮತಿ ಅಕ್ಕಿಯ ವಾಸನೆ ಬರುತ್ತದೆ ಅಂತಾರೆ. ಸುಮ್ನೆ ಹೇಳೋದಾ?

ಸುಮ್ನೆ ಅಲ್ಲ. ಹುಲಿ ಬಾಲವೆತ್ತಿ ಮರದ ಬುಡಕ್ಕೆ, ಪೊದೆಗೆ ಹಿಂದಕ್ಕೆ ಸಿಂಪಡಿಸುತ್ತದಲ್ಲ, ಆ ದ್ರವದಲ್ಲಿ 2-ಅಸಿಟೈಲ್-1-ಪೈರೋಲೀನ್ ಎಂಬ ರಾಸಾಯನಿಕ ಇರುತ್ತದೆ. ಬಾಸುಮತಿಯ ಘಮ ಬರುವುದೂ ಅದರಿಂದಲೇ. ಇದನ್ನು ಪತ್ತೆ ಮಾಡಿದ್ದು ಕೋಲ್ಕತ್ತದ ವಿಜ್ಞಾನಿ ರತನ್‌ಲಾಲ್ ಬ್ರಹ್ಮಚಾರಿ ಮತ್ತು ಅವರ ಜೊತೆಗಾರರು.

ಇದು ಹುಲಿಗಳ ನಡುವಿನ ನೋಟಿಸ್ ಬೋರ್ಡ್. ಇಲ್ಲಿ ಯಾರಿದ್ದಾರೆ, ಗಂಡೋ ಹೆಣ್ಣೋ, ಹೆಣ್ಣು ಬೆದೆಗೆ ಬಂದಿದೆಯೋ ಎಂಬುದೆಲ್ಲ ಇನ್ನೊಂದು ಹುಲಿಗೆ ಮೂಸಿದರೆ ಗೊತ್ತಾಗುತ್ತದೆ. ಮೂಸಿದ ಮೇಲೆ ಹುಲಿ ಮೂತಿ ಸುಕ್ಕು ಮಾಡಿ, ನಾಲಿಗೆ ಹೊರಚಾಚಿ ನಿಲ್ಲುತ್ತದೆ. ಫೋಟೋದಲ್ಲಿ ನಗುವ ಹಾಗೆ ಕಾಣುವುದು ಇದೇ. ಅಂಗುಳಿನಲ್ಲಿ ವಾಸನೆ ಗುರುತಿಸುವ ಇನ್ನೊಂದು ಅಂಗ ಇದೆ, ಅಲ್ಲಿಗೆ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಎದುರಾಎದುರು ಬಂದು ಜಗಳವಾಡಿ ಗಾಯ ಮಾಡಿಕೊಂಡರೆ ಬೇಟೆ ನಿಂತುಹೋಗುತ್ತದೆ. ಹಾಗಾಗಿ ವಾಸನೆಯಲ್ಲೇ ಮಾತು ಮುಗಿಸುವುದು ಇಬ್ಬರಿಗೂ ಲಾಭ.

ಅಷ್ಟು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ ಇಟ್ಟುಕೊಂಡು ಹುಲಿ ಅಡಗುವುದು ಹೇಗೆ?

ಕಿತ್ತಳೆ ನಮಗೆ. ಜಿಂಕೆಯ ಕಣ್ಣಿಗೆ ಕೆಂಪು, ಹಸಿರು ಬೇರೆ ಬೇರೆ ಎಂದು ಗೊತ್ತಾಗುವುದಿಲ್ಲ. ಅದರ ಪಾಲಿಗೆ ಹುಲಿಯೂ ಹುಲ್ಲಿನ ಬಣ್ಣವೇ.

ಕಬಿನಿಯ ಕರಿ ಚಿರತೆ ಬೇರೆ ಜಾತಿಯದ್ದಾ?

ಅಲ್ಲ, ಚಿರತೆಯೇ. ಕಪ್ಪು ಬಣ್ಣದ ಅಂಶ ತಂದೆ, ತಾಯಿ ಎರಡೂ ಕಡೆಯಿಂದ ಬಂದಾಗ ಮರಿ ಕಪ್ಪಾಗುತ್ತದೆ. ಹಾಗಾಗಿ ಮಾಮೂಲಿ ಬಣ್ಣದ ಜೋಡಿಗೂ ಕಪ್ಪು ಮರಿ ಹುಟ್ಟಬಹುದು. ಓರೆ ಬಿಸಿಲಿನಲ್ಲಿ ನೋಡಿದರೆ ಕಪ್ಪು ಮೈಯ ಮೇಲೂ ಚುಕ್ಕೆಗಳು ಕಾಣುತ್ತವೆ.

"ಕಾಲ್ ಆಗ್ತಿದೆ" ಎಂದು ಗೈಡ್ ಜೀಪ್ ನಿಲ್ಲಿಸುತ್ತಾರೆ. ಏನದು?

ಹುಲಿ ಚಿರತೆ ಕಂಡ ಪ್ರಾಣಿಗಳು ಹಾಕುವ ಎಚ್ಚರಿಕೆಯ ಕೂಗು. ಚುಕ್ಕೆ ಜಿಂಕೆ ಚೂಪಾಗಿ ಕೂಗುತ್ತದೆ. ಮುಸುವ ಕೆಮ್ಮಿದ ಹಾಗೆ ಖಕ್ ಖಕ್ ಎನ್ನುತ್ತದೆ. ಕಾಡುಕುರಿ ನಾಯಿಯಂತೆ ಬೊಗಳುತ್ತದೆ. ಕಡವೆಯದ್ದು ದಪ್ಪ, ಗಟ್ಟಿ ಕೂಗು.

ಇವುಗಳ ಮಾತಿನ ತೂಕ ಒಂದೇ ಅಲ್ಲ. ಜಿಂಕೆ ಸಣ್ಣದಕ್ಕೂ ಬೆದರುತ್ತದೆ. ಕಡವೆ ಮತ್ತೆ ಮತ್ತೆ ಕೂಗಿದರೆ, ಕಾಲು ನೆಲಕ್ಕೆ ಬಡಿದರೆ ಅನುಭವಿ ಡ್ರೈವರ್‌ಗಳು ಅಲ್ಲೇ ಇಂಜಿನ್ ಆಫ್ ಮಾಡುತ್ತಾರೆ. ಮರದ ಮೇಲಿನ ಮುಸುವ ಕೂಗುವಾಗ ಅದು ಯಾವ ಕಡೆ ನೋಡುತ್ತಿದೆ ಎಂದು ಗಮನಿಸಿ. ಹುಲಿ ಇರುವುದು ಆ ಕಡೆಯೇ.

ಮುಸುವ ಮತ್ತು ಜಿಂಕೆಗಳು ಒಟ್ಟಿಗೆ ಇರುವುದನ್ನು ನೀವು ನೋಡಿಯೇ ಇರುತ್ತೀರಿ. ಮುಸುವಗಳು ಅರ್ಧ ತಿಂದು ಕೆಳಗೆ ಬಿಡುವ ಎಲೆ, ಹಣ್ಣು ಜಿಂಕೆಗೆ ಸಿಗುತ್ತವೆ. ಬೇಸಿಗೆಯಲ್ಲಿ ನೆಲದ ಹುಲ್ಲು ಒಣಗಿದಾಗ ಇದು ಸಣ್ಣ ಲಾಭವಲ್ಲ. ಮೇಲಿನಿಂದ ದೂರ ಕಾಣುವ ಕಣ್ಣು ಮುಸುವದ್ದು, ಗಾಳಿಯಲ್ಲಿ ಬರುವ ವಾಸನೆ ಹಿಡಿಯುವ ಮೂಗು ಜಿಂಕೆಯದ್ದು. ಇದಕ್ಕೆ ಸ್ನೇಹ ಎನ್ನುವವರಿದ್ದಾರೆ. ಕೊಡುವುದಕ್ಕಿಂತ ತೆಗೆದುಕೊಳ್ಳುವುದು ಜಿಂಕೆಯ ಕಡೆಯೇ ಜಾಸ್ತಿ ಎಂದು ನನಗನಿಸುತ್ತದೆ.

ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನಲ್ಲಿ ಅಷ್ಟೊಂದು ಆನೆ ಎಲ್ಲಿಂದ ಬರುತ್ತವೆ?

ಸುತ್ತಲಿನ ಕಾಡುಗಳಿಂದ. ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೈ ಎಲ್ಲ ಒಂದಕ್ಕೊಂದು ಅಂಟಿಕೊಂಡ ಕಾಡು. ಆನೆಗೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. 1974ರಲ್ಲಿ ಕಬಿನಿ ಅಣೆಕಟ್ಟು ಆದ ಮೇಲೆ ಹಿನ್ನೀರು ನಿಂತಿತು. ಮಾರ್ಚ್ ನಂತರ ನೀರು ಇಳಿಯುತ್ತದೆ. ಹೊರಬಂದ ಹಸಿ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಉಳಿದ ಕಡೆ ಕೆರೆ ಬತ್ತಿ, ಹುಲ್ಲು ಸುಟ್ಟುಹೋಗಿರುವಾಗ ನೀರು, ಮೇವು ಎರಡೂ ಒಂದೇ ಕಡೆ. ಏಷ್ಯಾದ ಆನೆಗಳು ಒಂದೆಡೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗಗಳಲ್ಲಿ ಇದು ಮುಖ್ಯವಾದದ್ದು. ಬೇರೆ ಬೇರೆ ಹಿಂಡುಗಳು ಎದುರಾಗುವುದು, ಹೆಣ್ಣುಗಳನ್ನು ಹುಡುಕಿ ಒಂಟಿ ಸಲಗಗಳು ಬರುವುದು ಎಲ್ಲ ಇಲ್ಲೇ. ಸೊಂಡಿಲನ್ನು ಇನ್ನೊಂದರ ಬಾಯೊಳಗೆ ಇಟ್ಟರೆ ಅದು ನಮಸ್ಕಾರ.

2022ರಲ್ಲಿ ತೀರಿಕೊಂಡ ಭೋಗೇಶ್ವರ ಎಂಬ ಸಲಗವನ್ನು ಇಲ್ಲಿ ನೋಡಿದವರು ಬಹಳ ಜನ. ಅದರ ದಂತ ಎರಡೂವರೆ ಮೀಟರ್‌ನಷ್ಟು ಉದ್ದವಿತ್ತು, ನೆಲ ಮುಟ್ಟುವ ಹಾಗೆ.

ಆನೆಗಳು ನಮಗೆ ಕೇಳಿಸದ ಹಾಗೆ ಮಾತಾಡುತ್ತವಂತೆ, ನಿಜವಾ?

ನಿಜ. 1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಪಕ್ಕ ನಿಂತಿದ್ದರು. ಕಿವಿಗೆ ಏನೂ ಕೇಳಿಸದಿದ್ದರೂ ಗಾಳಿಯಲ್ಲಿ ಒಂದು ಕಂಪನ ಅನುಭವಕ್ಕೆ ಬಂತು. ಆಮೇಲೆ ರೆಕಾರ್ಡ್ ಮಾಡಿ ನೋಡಿದರೆ 20 ಹರ್ಟ್ಸ್‌ಗಿಂತ ಕೆಳಗಿನ ಧ್ವನಿ. ಮನುಷ್ಯರ ಕಿವಿಗೆ ಅಷ್ಟು ತಗ್ಗಿದ ದನಿ ನಿಲುಕುವುದಿಲ್ಲ. ಇಂಥ ಧ್ವನಿ ಮರಗಿಡಗಳ ನಡುವೆಯೂ ಬೇಗ ಕುಂದುವುದಿಲ್ಲ, ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ದೂರ ದೂರ ಇರುವ ಆನೆಗಳು ಒಂದೇ ಹೊತ್ತಿಗೆ ದಿಕ್ಕು ಬದಲಿಸುವುದರ ಗುಟ್ಟು ಇದು.

ಕಿವಿ ಬೀಸುತ್ತಿದ್ದರೆ ಆನೆಗೆ ಸಿಟ್ಟು ಬಂದಿದೆ ಎಂದು ಅರ್ಥವಾ?

ಸೆಕೆಯಾಗಿದೆ ಎಂದು ಅರ್ಥ. ಕಿವಿಯ ತೆಳು ಚರ್ಮದಲ್ಲಿ ರಕ್ತನಾಳಗಳು ತುಂಬಿವೆ, ಬೀಸಿದರೆ ರಕ್ತ ತಂಪಾಗುತ್ತದೆ. ಭಯಪಡಬೇಕಾದದ್ದು ಕಿವಿ ಅಗಲಿಸಿ, ಅಲ್ಲಾಡಿಸದೆ, ನಿಮ್ಮ ಕಡೆ ತಿರುಗಿ ನಿಂತಾಗ. ಸಲಗದ ಕಣ್ಣು, ಕಿವಿಗಳ ನಡುವಿನಿಂದ ದ್ರವ ಇಳಿಯುತ್ತಿದ್ದು, ಹಿಂಗಾಲು ಮೂತ್ರದಲ್ಲಿ ಒದ್ದೆಯಾಗಿದ್ದರೆ ಅದು ಮದದಲ್ಲಿದೆ. ಆಗ ತನಗಿಂತ ದೊಡ್ಡ ಸಲಗವೂ ಅದಕ್ಕೆ ದಾರಿ ಬಿಡುತ್ತದೆ. ನೀವೂ ಬಿಡಿ.

ಸತ್ತ ಮರಿಯನ್ನು ಆನೆಗಳು ಹೂಳುತ್ತವಾ?

ಸತ್ತ ಆನೆಯ ಹತ್ತಿರ ನಿಲ್ಲುವುದು, ಸೊಂಡಿಲಿನಿಂದ ಮುಟ್ಟುವುದು, ಸತ್ತ ಮರಿಯನ್ನು ದಿನಗಟ್ಟಲೆ ಹೊತ್ತು ತಿರುಗುವುದು ಇವೆಲ್ಲ ಹಲವು ಕಡೆ ದಾಖಲಾಗಿವೆ. ಹೂಳಿದ ಸುದ್ದಿ ಬಂದದ್ದು ಉತ್ತರ ಬಂಗಾಳದಿಂದ. ಅಲ್ಲಿನ ಚಹಾ ತೋಟಗಳ ನೀರಿನ ಕಾಲುವೆಗಳಲ್ಲಿ ಐದು ಮರಿಯಾನೆಗಳ ದೇಹ ಸಿಕ್ಕವು. ಐದೂ ಅಂಗಾತವಾಗಿ, ಕಾಲು ಮೇಲೆ ಮಾಡಿ, ತಲೆ ಮತ್ತು ಮೈ ಮಣ್ಣಿನಲ್ಲಿ ಮುಚ್ಚಿ. ಇದರ ವರದಿ 2024ರಲ್ಲಿ ಪ್ರಕಟವಾಯಿತು. ಆಮೇಲೆ ಹಿಂಡುಗಳು ಆ ದಾರಿಯನ್ನೇ ಬಿಟ್ಟು ಬೇರೆ ದಾರಿ ಹಿಡಿದದ್ದೂ ಅದರಲ್ಲಿದೆ. ಇದನ್ನು ಅಂತ್ಯಸಂಸ್ಕಾರ ಎಂದು ಕರೆಯಲು ನಾನು ಹಿಂಜರಿಯುತ್ತೇನೆ. ಆದರೆ ಆನೆಗೆ ಸಾವು ತಿಳಿಯುವುದೇ ಇಲ್ಲ ಎಂದು ಹೇಳಲು ಇನ್ನೂ ಜಾಸ್ತಿ ಹಿಂಜರಿಯುತ್ತೇನೆ.

ಮಂಗಟ್ಟೆ ಹಕ್ಕಿಯ ಹೆಣ್ಣು ತಾನಾಗಿಯೇ ಸೆರೆವಾಸಕ್ಕೆ ಹೋಗುತ್ತದೆ ಎಂದರೆ ಏನು?

ದಾಂಡೇಲಿ, ಕಾಳಿ ನದಿ ಕಡೆ ಹೋದವರು ಕೇಳುವ ಪ್ರಶ್ನೆ. ಪಶ್ಚಿಮ ಘಟ್ಟದಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ದೊಡ್ಡ ಮಂಗಟ್ಟೆಯ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಸೇರಿಕೊಂಡು, ತನ್ನ ಹಿಕ್ಕೆಯನ್ನೇ ಮುಖ್ಯವಾಗಿ ಬಳಸಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಕೂತು ಹಾರುವ ಗರಿಗಳನ್ನೂ ಉದುರಿಸುತ್ತದೆ. ಅಲ್ಲಿಂದ ಮುಂದೆ ಊಟವೆಲ್ಲ ಗಂಡಿನ ಜವಾಬ್ದಾರಿ. ಅದು ಗಂಟಲಲ್ಲಿ ಹಣ್ಣು ತುಂಬಿಕೊಂಡು ಬಂದು ಒಂದೊಂದಾಗಿ ಕಕ್ಕಿ ಸೀಳಿನಲ್ಲಿ ಕೊಡುತ್ತದೆ. ಹೆಚ್ಚಾಗಿ ಆಲ, ಬಸರಿ, ಅತ್ತಿ ಜಾತಿಯ ಹಣ್ಣುಗಳು. ಮರಿ ಅರ್ಧ ಬೆಳೆದ ಮೇಲೆ ತಾಯಿ ಒಡೆದುಕೊಂಡು ಹೊರಬರುತ್ತದೆ. ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ, ಈಗ ಇಬ್ಬರೂ ಸೇರಿ ಮರಿಗೆ ತಿನ್ನಿಸುತ್ತಾರೆ.

ಗಂಡು ಸತ್ತರೆ ಒಳಗಿನವರು ಉಪವಾಸ ಸಾಯುತ್ತಾರೆ ಎಂಬ ಕಣ್ಣೀರಿನ ಕಥೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅಪಾಯ ಇರುವುದು ಹೌದು. ಆದರೆ ಬಾಗಿಲು ಹಾಕಿಕೊಂಡದ್ದು ಹೆಣ್ಣೇ, ಬೇಕಾದರೆ ಒಡೆಯಲೂ ಅದಕ್ಕೆ ಬರುತ್ತದೆ. ಗಂಡು ಹೆಣ್ಣು ಗುರುತಿಸಬೇಕೆಂದರೆ ಕಣ್ಣು ನೋಡಿ: ಗಂಡಿನದ್ದು ಕೆಂಪು, ಹೆಣ್ಣಿನದ್ದು ಬಿಳಿ.

ಹಾರುವ ಓತಿ ನಿಜಕ್ಕೂ ಹಾರುತ್ತದಾ?

ತೇಲುತ್ತದೆ. ಪಕ್ಕೆಲುಬುಗಳು ಛತ್ರಿಯ ಕಡ್ಡಿಗಳಂತೆ ಬಿಚ್ಚಿಕೊಳ್ಳುತ್ತವೆ, ಅವುಗಳ ನಡುವಿನ ಚರ್ಮ ರೆಕ್ಕೆಯಾಗುತ್ತದೆ. ಅಡಿಕೆ ತೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಹೀಗೆ ದಾಟುತ್ತಾ ಇರುವೆ ತಿಂದುಕೊಂಡಿರುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಪಶ್ಚಿಮ ಘಟ್ಟದ ಓತಿಯಲ್ಲೇ ಹೊಸದೊಂದನ್ನು ಕಂಡಿತು. ಜಿಗಿದ ಮೇಲೆ ಅದು ಮುಂಗಾಲುಗಳನ್ನು ಹಿಂದಕ್ಕೆ ತಂದು ರೆಕ್ಕೆಯ ಅಂಚನ್ನು ಹಿಡಿದುಕೊಳ್ಳುತ್ತದೆ. ಅಂದರೆ ರೆಕ್ಕೆಯ ಹಿಡಿತ ಅದರ ಕೈಯಲ್ಲೇ ಇರುತ್ತದೆ.

ನೆಲಕ್ಕೆ ಇಳಿಯುವುದು ಹೆಣ್ಣು ಮಾತ್ರ ಎನ್ನಬಹುದು, ಅದೂ ಮೊಟ್ಟೆ ಇಡುವುದಕ್ಕೆ.

ಕಪ್ಪೆ ಮಣ್ಣಿನ ಕೆಲಸ ಮಾಡುತ್ತದೆ ಎಂದು ಕೇಳಿದೆ. ತಮಾಷೆಯಾ?

ಕುಂಬಾರ ಕಪ್ಪೆಯ ವಿಷಯ. ಉತ್ತರ ಕನ್ನಡದ ಹಳ್ಳಗಳಲ್ಲಿ ಕಂಡ ಇದನ್ನು ಕಪ್ಪೆಗಳ ಸಂಶೋಧಕ ಕೆ. ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಹೊಸ ಜಾತಿ ಎಂದು ವಿವರಿಸಿದರು. ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಅಂಟಿಸಿ ಹೆಣ್ಣು ಹೊರಡುತ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಕೈಯಲ್ಲಿ ಮಣ್ಣು ತಂದು, ಹಿಂಗಾಲ ಮೇಲೆ ಎದ್ದು ನಿಂತು ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಬೇರೆಯವರ ಕಣ್ಣಿಗೆ ಬೀಳದಿರಲಿ ಎಂದಿರಬೇಕು. ಹೀಗೆ ಮೊಟ್ಟೆಗೆ ಮಣ್ಣು ಬಳಿಯುವ ಬೇರೆ ಕಪ್ಪೆ ಆವರೆಗೆ ಗೊತ್ತಿರಲಿಲ್ಲ. ಹುಲಿ ನೋಡಲು ಸಾಲು ನಿಲ್ಲುವ ನಾವು ಇದಕ್ಕೊಂದು ರಾತ್ರಿ ಕೊಡಬಹುದು ಅನಿಸುತ್ತದೆ.

ಕರಡಿ ಎದುರಾದರೆ ಮರ ಹತ್ತಬೇಕಾ, ಸತ್ತ ಹಾಗೆ ಮಲಗಬೇಕಾ?

ಮರ ಹತ್ತಿ ಪ್ರಯೋಜನವಿಲ್ಲ, ಕರಡಿ ಜೇನಿಗಾಗಿ ನಿಮಗಿಂತ ಚೆನ್ನಾಗಿ ಹತ್ತುತ್ತದೆ. ಸತ್ತಂತೆ ಮಲಗುವುದು ಮಕ್ಕಳ ಕಥೆಗೆ ಸರಿ. ಎದುರಾಗದಂತೆ ನೋಡಿಕೊಳ್ಳುವುದೇ ಸರಿಯಾದ ದಾರಿ. ಮುಂಜಾನೆ, ಸಂಜೆ ಬಂಡೆ ಮತ್ತು ಪೊದೆಗಳ ನಡುವೆ ಹೋಗುವಾಗ ಜೋರಾಗಿ ಮಾತಾಡಿಕೊಂಡು ಹೋಗಿ.

ಕಾರಣ ಅದರ ಊಟದ ರೀತಿಯಲ್ಲಿದೆ. ಕರಡಿಗೆ ಮೇಲಿನ ಎರಡು ಮುಂಹಲ್ಲು ಇಲ್ಲ. ಹುತ್ತ ಒಡೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿಯಿಂದ ಗೆದ್ದಲನ್ನು ಜೋರಾಗಿ ಹೀರುತ್ತದೆ. ಆ ಸದ್ದು ನೂರು ಮೀಟರ್ ದೂರಕ್ಕೂ ಕೇಳಿಸುತ್ತದೆ. ಹೀಗೆ ತಲೆ ತಗ್ಗಿಸಿ ಹೀರುತ್ತಿರುವಾಗ ನೀವು ಬಂದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಹತ್ತಿರ ಬಂದ ಮೇಲೆ ಬೆಚ್ಚಿಬೀಳುತ್ತದೆ. ಹುಲಿಯಿರುವ ಕಾಡಿನಲ್ಲಿ ಬದುಕಿದ ಪ್ರಾಣಿ ಅದು, ಬೆಚ್ಚಿದರೆ ಓಡುವುದಕ್ಕಿಂತ ಮೇಲೆ ಬೀಳುವುದನ್ನೇ ಕಲಿತಿದೆ. ಬೆನ್ನ ಮೇಲೆ ಮರಿಯಿದ್ದರಂತೂ ಕೇಳಲೇಬೇಡಿ. ಸುರಕ್ಷಿತವಾಗಿ ನೋಡಬೇಕೆಂದರೆ ಹಂಪಿ ಹತ್ತಿರದ ದರೋಜಿ ಕರಡಿಧಾಮ ಇದೆ, 1994ರಲ್ಲಿ ಶುರುವಾದದ್ದು. ಅಲ್ಲಿ ಬಂಡೆಗೆ ಬೆಲ್ಲದ ಪಾಕ ಬಳಿದು ಕರಡಿಗಳನ್ನು ಹೊರಗೆ ಕರೆಯುತ್ತಾರೆ.

ಕಾಡುಪಾಪ ಕಂಡರೆ ಅಪಶಕುನವಂತೆ?

ಕಾಡುಪಾಪಕ್ಕೆ ಮನುಷ್ಯ ಕಂಡರೆ ಅಪಶಕುನ ಎನ್ನುವುದು ಹೆಚ್ಚು ಸರಿ. ಮಾಟ ಮಂತ್ರಕ್ಕೆಂದು ಇದನ್ನು ಹಿಡಿದು ಹಿಂಸಿಸುತ್ತಾರೆ. ಇದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ, ರಾತ್ರಿ ಓಡಾಡುವ ಪ್ರಾಣಿ. ಕೊಂಬೆಯ ಮೇಲೆ ಸದ್ದಿಲ್ಲದೆ ನಿಧಾನಕ್ಕೆ ನಡೆದು ಹುಳು ಹಿಡಿಯುತ್ತದೆ. ಅಂಗೈ, ಅಂಗಾಲಿಗೆ ತನ್ನದೇ ಮೂತ್ರ ಸವರಿಕೊಳ್ಳುವ ಅಭ್ಯಾಸವೂ ಇದೆ. ತುಮಕೂರು ಕಡೆಯ ಹಳ್ಳಿಗಳಲ್ಲಿ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲೂ ಕಂಡಿವೆ. ಇದಕ್ಕೆ ಜಿಗಿಯಲು ಬರುವುದಿಲ್ಲ. ಹಾಗಾಗಿ ಒಂದು ಮರದ ಕೊಂಬೆ ಇನ್ನೊಂದಕ್ಕೆ ತಾಗಿರಲೇಬೇಕು. ರಸ್ತೆ ಅಗಲ ಮಾಡಲು ನಡುವಿನ ಒಂದು ಮರ ಕಡಿದರೂ ಅದು ನೆಲಕ್ಕಿಳಿದು ದಾಟಬೇಕಾಗುತ್ತದೆ. ನಾಯಿಗೆ, ವಾಹನಕ್ಕೆ ಸಿಗುವುದು ಆಗಲೇ.